ಒಂಬತ್ತು ತಿಂಗಳು ಬೀಗ ಹಾಕಿದ ಮನೆಗೆ ಒರಲೆ (ಗೆದ್ದಲು) ಹಿಡಿದಿದೆ. ಬಾವಿ ಪಕ್ಕದಲ್ಲೇ ಉಂಟು, ಮದ್ದು ಹೊಡೆಸಬಹುದಾ?

ಕದ್ರಿ_ಹಂಚಿನಮನೆ · ಮೇ 27

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಬೇಡಿ.

ನಾನಿರುವುದು ಅಬುಧಾಬಿಯಲ್ಲಿ. ಅಮ್ಮ ಉಡುಪಿಯಲ್ಲಿರುವ ನನ್ನ ತಂಗಿ ಮನೆಗೆ ಹೋದ ಮೇಲೆ, ಅಂದ್ರೆ ಕಳೆದ ಆಗಸ್ಟಿನಿಂದ, ಮಂಗಳೂರಿನ ಮನೆಗೆ ಬೀಗ. ಮೊನ್ನೆ ರಜೆಯಲ್ಲಿ ಬಂದು ಬಾಗಿಲು ತೆಗೆದೆ. ಹೊರಗಿಂದ ನೋಡಿದ್ರೆ ಎಲ್ಲ ಸರಿಯಾಗೇ ಉಂಟು. ಮೂಲೆಯ ಕೋಣೆಯಲ್ಲಿ ನಾನೇ ಕಳಿಸಿದ ಎರಡು ಕಾರ್ಗೋ ಬಾಕ್ಸ್ ನೆಲದ ಮೇಲೆ, ಗೋಡೆಗೆ ತಾಗಿ ಇದ್ದವು. ಎತ್ತಲು ಹೋದೆ. ಮೇಲಿನ ಅರ್ಧ ಕೈಗೆ ಬಂತು, ಕೆಳಗಿನ ಅರ್ಧ ಮಣ್ಣಾಗಿತ್ತು. ಅಲ್ಲಿಂದ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಗೋಡೆ ಹತ್ತಿ ಕಪಾಟಿನ ಹಿಂದೆ ಹೋಗಿದೆ.

ಕಪಾಟಲ್ಲಿ ಅಪ್ಪ-ಅಮ್ಮನ ಮದುವೆಯ ಆಲ್ಬಮ್ ಇತ್ತು. ಮೇಲಿನ ರಟ್ಟು ಹೊಸದರ ಹಾಗೆ ಹೊಳೀತಾ ಇತ್ತು. ಬಿಡಿಸಿದ್ರೆ ಒಳಗೆ ಹಾಳೆ ತಿಂದು ಆ ಜಾಗಕ್ಕೆ ಮಣ್ಣು ತುಂಬಿಸಿಟ್ಟಿವೆ. ಒಂದು ಫೋಟೋದಲ್ಲಿ ಅಪ್ಪನ ಪೇಟ ಉಂಟು, ಮುಖ ಇಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಬಾಗಿಲ ದಾರಂದಕ್ಕೆ ಹೆಬ್ಬೆರಳು ಒತ್ತಿದ್ರೆ ಪೈಂಟಿನ ಸಿಪ್ಪೆ ಒಳಗೆ ಕುಸೀತದೆ, ಮರ ಅಂತ ಒಳಗೆ ಏನೂ ಇಲ್ಲ. ಮಾಡಿನ ಪಕ್ಕಾಸು (ಹಂಚಿನಡಿಯ ಮರದ ತೊಲೆ) ಸದ್ಯಕ್ಕೆ ಗಟ್ಟಿ ಇದ್ದ ಹಾಗೆ ಕಾಣ್ತದೆ.

ಇಬ್ಬರನ್ನು ಕರೆಸಿ ತೋರಿಸಿದೆ. ಮನೆ 1,300 ಚದರಡಿ. ಒಬ್ಬರು 9,500 ಹೇಳಿದ್ರು, ಸ್ಪ್ರೇ ಮಾತ್ರ, ಅರ್ಧ ದಿನದ ಕೆಲಸ. ಇನ್ನೊಬ್ಬರು 26,000. ನೆಲಕ್ಕೆಲ್ಲ ತೂತು ಕೊರೆದು, ಹೊರಗೆ ಮನೆ ಸುತ್ತ ಚರಂಡಿ ತೋಡಿ ಮದ್ದು ಹೊಯ್ಯುದಂತೆ. ನನ್ನ ತಲೆಬಿಸಿ ಬೇರೆ: ಬಾವಿ ಇರುವುದು ಅಡುಗೆಮನೆ ಗೋಡೆಯಿಂದ ಹೆಚ್ಚೆಂದ್ರೆ 10 ಅಡಿಗೆ. ಪಕ್ಕದ ಮನೆಯವರು ಈಗಲೂ ಕುಡಿಯಲಿಕ್ಕೆ ಅದೇ ನೀರು ಸೇದ್ತಾರೆ. "ಏನೂ ಆಗುದಿಲ್ಲ ಸರ್" ಅಂತ ಇಬ್ಬರೂ ಹೇಳಿದ್ರು, ಒಬ್ಬರೂ ಬಾವಿ ಹತ್ರ ಹೋಗಿ ಇಣುಕಿ ನೋಡಲಿಲ್ಲ. ಜೂನ್ 14ಕ್ಕೆ ನನಗೆ ವಾಪಸ್ ಹೋಗ್ಲಿಕ್ಕುಂಟು. ಎಂತ ಮಾಡುದು?

ಉರ್ವದಕ್ಕ · ಮೇ 27

ಅಯ್ಯೋ ದೇವರೇ, ಆಲ್ಬಮ್ ವಿಷಯ ಓದಿ ಹೊಟ್ಟೆ ಚುರ್ ಅಂತು. ಅಮ್ಮನ ಕಡೆಯ ಸಂಬಂಧಿಕರ ಹತ್ರ ಕೇಳಿ ನೋಡಿ ತಮ್ಮಾ, ಆಗಿನ ಕಾಲದಲ್ಲಿ ಒಂದೊಂದು ಪ್ರಿಂಟ್ ಎಲ್ಲರಿಗೂ ಕೊಟ್ಟಿರ್ತಾರೆ.

ಒಂದು ಮಾತು. ಸಿಟ್ಟಲ್ಲಿ ಆ ಮಣ್ಣಿನ ಗೆರೆಗಳನ್ನೆಲ್ಲ ಗುಡಿಸಿ ಹಾಕ್ಬೇಡಿ. ನಾನು ಹಾಗೆ ಮಾಡಿ ಮಂಡೆಬಿಸಿ ಮಾಡಿಕೊಂಡವಳು. ಗೋಡೆ ಚಂದ ಕಂಡಿತು, ಆದರೆ ಎಲ್ಲಿಂದ ಹತ್ತಿದ್ದು ಅಂತ ಆಮೇಲೆ ಬಂದವನಿಗೆ ಗೊತ್ತಾಗ್ಲಿಲ್ಲ. ಎರಡು ತಿಂಗಳಲ್ಲಿ ದೇವರ ಕೋಣೆಯಲ್ಲಿ ಎದ್ದವು.

ಕುಂದಾಪ್ರ_ಹುಡ್ಗ · ಮೇ 27

ನಮ್ಮನಿಯಂಗೂ ಇದೇ ಕಥಿ ಮರ್ರೆ. ಅಪ್ಪಯ್ಯ ಯಾರೋ ಹೇಳಿದ್ರ್ ಅಂದೇಳಿ ಸೀಮೆಎಣ್ಣಿ ಹೊಯ್ದ್ರ್. ಒಂದ್ ವಾರ ನಾವ್ ಮನಿ ಒಳ್ಗೆ ಕೂಕಂಬುಕ್ ಆಯ್ಲಿಲ್ಲ. ಒರ್ಲಿ ಆರಾಮಾಗ್ ಪಕ್ಕದ್ ಕೋಣಿಗ್ ಹೋಯ್ ಕೂತ್ಕಂಡ್ವ್.

ಮುರಕಲ್ಲು · ಮೇ 28

ಸಿವಿಲ್ ಇಂಜಿನಿಯರ್ ಆಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈ ಊರಿನ ಕೆಂಪುಕಲ್ಲಿನ ಗೋಡೆಗಳ ಜೊತೆ ಜೀವನ ಕಳೆದದ್ದು. ಸ್ವಲ್ಪ ವಿವರವಾಗಿ ಬರೀತೇನೆ.

ಮೊದಲು ಬಂದಿರುವುದು ಯಾವುದು ಅಂತ ತಿಳ್ಕೊಳ್ಳಿ, ಯಾಕಂದ್ರೆ ಎಲ್ಲದಕ್ಕೂ "ಹುಳ ಹಿಡಿದಿದೆ" ಅಂತ ಒಂದೇ ಮಾತು ಹೇಳಿ ಒಂದೇ ಮದ್ದು ಹೊಡೆಯುವ ಅಭ್ಯಾಸ ನಮ್ಮಲ್ಲುಂಟು. ಮಣ್ಣಿನ ಗೆರೆ ಇದ್ದರೆ ಅದು ನೆಲದಡಿಯ ಗೆದ್ದಲು. ಅದರ ಗೂಡು ಮಣ್ಣಲ್ಲಿ, ನಿಮ್ಮ ಮನೆ ಅದರ ಊಟದ ಜಾಗ ಮಾತ್ರ. ಮೈ ಮೆತ್ತಗೆ, ಬಿಸಿಲು-ಗಾಳಿ ತಾಗಿದ್ರೆ ಒಣಗಿ ಸಾಯ್ತದೆ, ಅದಕ್ಕೇ ಆ ಮಣ್ಣಿನ ಸುರಂಗ. ಎರಡನೆಯದು ಒಣಮರದ ಗೆದ್ದಲು. ಅದಕ್ಕೆ ಮಣ್ಣೇ ಬೇಡ, ಮಂಚದ ಕಾಲಿನ ಒಳಗೇ ಸಂಸಾರ. ಕೆಳಗೆ ಗಸಗಸೆಯ ಹಾಗೆ ಸಣ್ಣ ಸಣ್ಣ ಕಾಳು ಉದುರ್ತದೆ, ಅದು ಅದರ ಹಿಕ್ಕೆ. ಮೂರನೆಯದು ಗೆದ್ದಲೇ ಅಲ್ಲ, ಕುಟ್ಟೆ ಹುಳ. ಮರದಲ್ಲಿ ಗುಂಡುಸೂಜಿ ಗಾತ್ರದ ತೂತು, ಕೆಳಗೆ ಪೌಡರ್ ಹಾಗೆ ನಯವಾದ ಹುಡಿ.

ಕದ್ರಿಯವರದ್ದು ಸಂಶಯವೇ ಇಲ್ಲದೆ ಮೊದಲನೆಯದು. ಹಾಗಾಗಿ 9,500ರ ಸ್ಪ್ರೇ ದಂಡ. ಗೋಡೆಯಲ್ಲಿ ಕಾಣುವುದು ಕೂಲಿಹುಳಗಳು. ಸಾವಿರ ಸತ್ತರೆ ಗೂಡಿಗೆ ಲೆಕ್ಕಕ್ಕೇ ಇಲ್ಲ.

26,000ದವರು ಹೇಳಿದ ಕ್ರಮ ತಾತ್ವಿಕವಾಗಿ ಸರಿ. ಐಎಸ್ 6313 ಅಂತ ಭಾರತೀಯ ಮಾನಕವೇ ಉಂಟು, ಅದರ 3ನೇ ಭಾಗ ಕಟ್ಟಿ ಮುಗಿದ ಮನೆಗಳಿಗೆ. ಗೋಡೆ-ನೆಲ ಸೇರುವಲ್ಲಿ 12 ಮಿಲಿಮೀಟರ್ ತೂತು, ಒಂದೊಂದು ಅಡಿಗೆ ಒಂದು, ತೂತಿಗೆ ಹೆಚ್ಚೆಂದರೆ ಒಂದು ಲೀಟರ್ ದ್ರಾವಣ, ಆಮೇಲೆ ಸಿಮೆಂಟಿನಲ್ಲಿ ಮುಚ್ಚುವುದು. ಆದರೆ ಅದೇ ಮಾನಕ ಎರಡು ಎಚ್ಚರಿಕೆ ಹೇಳ್ತದೆ. ಕುಡಿಯುವ ನೀರಿನ ಬಾವಿಗೆ ಮದ್ದು ಸೇರಬಾರದು. ಮಳೆ ಬರುವಾಗ, ಮಣ್ಣು ಒದ್ದೆ ಇರುವಾಗ ಈ ಕೆಲಸ ಮಾಡಬಾರದು. ಇವತ್ತು ಮೇ 28. ಮುಂದಿನ ವಾರ ಮುಂಗಾರು. ನೀವು ಹೊಯ್ಯಿಸಿದ ಮದ್ದು ಎಲ್ಲಿಗೆ ಹೋಗ್ತದೆ?

ಮುರಕಲ್ಲು, ಅಂದ್ರೆ ಇಲ್ಲಿಯ ಕೆಂಪುಕಲ್ಲು ನೋಡಿದ್ದೀರಲ್ಲ, ಒಳಗೆಲ್ಲ ಜೇನುಗೂಡಿನ ಹಾಗೆ ತೂತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳುವ ಊರು ಇದು, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಜುಲೈಯಲ್ಲಿ ಬಾವಿ ನೀರು ಕೈಗೆ ಎಟಕುವಷ್ಟು ಮೇಲೆ ಬರ್ತದೆ. ಆ ನೀರು ಬರುವುದು ನಿಮ್ಮ ಮನೆಯ ಪಂಚಾಂಗದ (ಅಡಿಪಾಯದ) ಅಡಿಯಿಂದಲೇ.

ಮದ್ದಿನವ · ಮೇ 28

ನಾನು ಇದೇ ಕೆಲಸ ಮಾಡುವವ, ಹನ್ನೊಂದು ವರ್ಷ ಆಯ್ತು. ಸರ್ ಹೇಳಿದ್ದರಲ್ಲಿ ಮುಕ್ಕಾಲು ಒಪ್ತೇನೆ, ಕಾಲು ಒಪ್ಪುದಿಲ್ಲ.

ಬಾವಿ 10 ಅಡಿಗೆ ಉಂಟು ಅಂದ್ರೆ ಆ ಬದಿ ಹೊರಗಿನ ಚರಂಡಿ ಕೆಲಸ ನಾನಾದ್ರೆ ಮಾಡುದಿಲ್ಲ, ಎಷ್ಟು ದುಡ್ಡು ಕೊಟ್ರೂ. ಆದ್ರೆ ಮೂಲೆಯ ಕೋಣೆ ಬಾವಿಯಿಂದ ಎಷ್ಟು ದೂರ ಅಂತ ಅವರು ಹೇಳ್ಲಿಲ್ಲ. ಇನ್ನೊಂದು ತಲೆಯಲ್ಲಿದ್ದರೆ, ನೆಲದ ಒಳಗಿಂದ ಆ ಕೋಣೆಗೆ ಮಾತ್ರ ಕೊಡಬಹುದು. ಮಳೆ ನಿಂತು ಮಣ್ಣು ಒಣಗಿದ ಮೇಲೆ, ಡಿಸೆಂಬರ್-ಜನವರಿಯಲ್ಲಿ.

ಮದ್ದಿನ ಬಗ್ಗೆ ಗೊತ್ತಿರಲಿ ಅಂತ ಹೇಳ್ತೇನೆ. ಹಳೆಯದು ಕ್ಲೋರೋಪೈರಿಫಾಸ್, 20 ಶೇಕಡಾದ್ದು. ಒಂದು ಲೀಟರಿಗೆ 19 ಲೀಟರ್ ನೀರು ಸೇರಿಸಿ 1 ಶೇಕಡಾ ಮಾಡುದು. ಹಾಲಿನ ಹಾಗೆ ಬೆಳ್ಳಗಾಗ್ತದೆ, ಗಬ್ಬು ವಾಸನೆ. ಹೊಸದು ಇಮಿಡಾಕ್ಲೋಪ್ರಿಡ್, ವಾಸನೆ ಇಲ್ಲ. ಗೆದ್ದಲಿಗೆ ಅದು ಇರುವುದೇ ಗೊತ್ತಾಗುದಿಲ್ಲ, ಮೈಗೆ ಅಂಟಿಸಿಕೊಂಡು ಗೂಡಿನವಕ್ಕೂ ಹಂಚ್ತದೆ. ಯಾವ ಮದ್ದಾದ್ರೂ ನನ್ನೆದುರೇ ಕಲಸಿ ಅಂತ ಹೇಳಿ. ಬಕೆಟಲ್ಲಿ ಮನೆಯಿಂದಲೇ ಕಲಸಿ ತಂದವನನ್ನು ಗೇಟಿನಿಂದಲೇ ಕಳಿಸಿ. ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರ್ತದೆ, ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕೃಷಿ ಇಲಾಖೆಯ ಲೈಸೆನ್ಸ್ ಕೇಳಿ, ಕೇಳ್ಲಿಕ್ಕೆ ನಾಚಿಕೆ ಬೇಡ.

ಗ್ಯಾರಂಟಿ ಕಾಗದ ಓದಿ. ಐದು ವರ್ಷ, ಹತ್ತು ವರ್ಷ ಅಂತ ದೊಡ್ಡ ಅಕ್ಷರದಲ್ಲಿ ಇರ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದು, ಮತ್ತೆ ಬಂದ್ರೆ ಮತ್ತೆ ಮದ್ದು ಹೊಡೀತೇವೆ ಅಂತ ಮಾತ್ರ. ತಿಂದ ಕಪಾಟಿಗೆ ಯಾರೂ ದುಡ್ಡು ಕೊಡುದಿಲ್ಲ.

ಮುರಕಲ್ಲು · ಮೇ 28

@ಮದ್ದಿನವ, ನೀವು ಪ್ರಾಮಾಣಿಕರು, ಸಂತೋಷ. ಆದರೆ ಇಮಿಡಾಕ್ಲೋಪ್ರಿಡ್ ನೀರಲ್ಲಿ ಕರಗುವಂಥದ್ದು. ಕ್ಲೋರೋಪೈರಿಫಾಸ್ ಮಣ್ಣಿಗೆ ಅಂಟಿಕೊಳ್ತದೆ, ಆದರೆ ನೀರಿಗೆ ಸೇರಿದ್ರೆ ಮೀನು ಉಳಿಯುದಿಲ್ಲ. ಯಾವುದನ್ನು ಒಳ್ಳೆಯದು ಅನ್ನುವುದು?

ಮದ್ದಿನವ · ಮೇ 28

ಅದಕ್ಕೇ ಸರ್ ದೂರದ ಕೋಣೆಗೆ ಮಾತ್ರ ಅಂದದ್ದು. ಬಾವಿ ಹತ್ರದ ಗಿರಾಕಿಗಳಿಗೆ ಈಗ ಬೈಟ್ ಅಂತ ಉಂಟು. ನೆಲಕ್ಕೆ ಮದ್ದು ಹೊಯ್ಯುದಿಲ್ಲ, ಡಬ್ಬಿಯಲ್ಲಿ ಅದಕ್ಕೆ ಇಷ್ಟದ ತಿನಿಸಿಗೆ ಮದ್ದು ಬೆರೆಸಿ ಇಡುದು. ತಿಂದವುಗಳಿಗೆ ಪೊರೆ ಬಿಡ್ಲಿಕ್ಕೆ ಆಗುದಿಲ್ಲ, ನಿಧಾನಕ್ಕೆ ಗೂಡು ಖಾಲಿ ಆಗ್ತದೆ. ತಿಂಗಳುಗಟ್ಟಲೆ ಬೇಕು, ನಡುನಡುವೆ ಬಂದು ನೋಡ್ಬೇಕು, ರೇಟೂ ಜಾಸ್ತಿ. ಬೀಗ ಹಾಕಿದ ಮನೆಗೆ ಕಷ್ಟ.

ಅಜ್ಜನತೋಟ · ಮೇ 29

ಎಲ್ಲ ಓದಿದೆ. ಗೇರೆಣ್ಣೆಯ (ಗೇರುಬೀಜದ ಸಿಪ್ಪೆಯ ಎಣ್ಣೆ) ಹೆಸರು ಯಾರೂ ಎತ್ತಲಿಲ್ಲ ಅಂತ ಆಶ್ಚರ್ಯ! ಗೇರುಬೀಜದ ಕಾರ್ಖಾನೆಗಳ ಊರಲ್ಲಿ ಕೂತು ಡಬ್ಬಿ ಮದ್ದಿನ ಮಾತು. ನಮ್ಮ ಮನೆಯ ಪಕ್ಕಾಸು, ರೀಪುಗಳಿಗೆ ಅಪ್ಪನ ಕಾಲದಿಂದ ಗೇರೆಣ್ಣೆಯೇ. ದೋಣಿಗೂ ಅದನ್ನೇ ಬಳೀತಿದ್ದರು. ಮರ ಕಪ್ಪಾಗ್ತದೆ, ಚಂದ ಹೋಗ್ತದೆ, ಹುಳ ಮೂಸಿಯೂ ನೋಡುದಿಲ್ಲ. ಆದರೆ ಕೈಗೆ ತಾಗಿದರೆ ಚರ್ಮ ಸುಲಿದು ಬರ್ತದೆ. ನಾನು ಹದಿನಾಲ್ಕನೇ ವಯಸ್ಸಲ್ಲಿ ಬರಿಗೈಯಲ್ಲಿ ಬಳಿದು ಹದಿನೈದು ದಿನ ಅಮ್ಮನ ಕೈಯಲ್ಲಿ ಉಂಡಿದ್ದೇನೆ. ಗ್ಲೌಸ್, ಉದ್ದ ತೋಳಿನ ಅಂಗಿ, ಅದಕ್ಕೆ ಮೊದಲು ಕೈಗೆ ತೆಂಗಿನೆಣ್ಣೆ. ಒಲೆ ಹತ್ತಿರ ಬೇಡ.

ಇನ್ನೊಂದು. ಹಿಂದೆ ಅಡುಗೆಮನೆಯ ಹೊಗೆ ಮಾಡಿಗೆ ಹೋಗ್ತಿತ್ತು, ಮರ ಒಣಗಿ ಕರಿಹಿಡಿದು ಗಟ್ಟಿ ಇರ್ತಿತ್ತು. ಗ್ಯಾಸ್ ಬಂದ ಮೇಲೆ ಮಾಡಿಗೆ ಹೊಗೆಯೂ ಇಲ್ಲ, ಬೀಗ ಹಾಕಿದ ಮೇಲೆ ಗಾಳಿಯೂ ಇಲ್ಲ.

ಕಂಪೌಂಡಿನಲ್ಲಿ ಹುತ್ತ ಉಂಟಾ? ಇದ್ದರೆ ಅದಕ್ಕೆ ಕೈ ಹಾಕಬೇಡಿ ಮಗಾ.

ಕದ್ರಿ_ಹಂಚಿನಮನೆ · ಮೇ 29

ಉಂಟು ಅಜ್ಜ, ಹಿಂದಿನ ಮೂಲೆಯಲ್ಲಿ ನಾಗನ ಕಲ್ಲಿನ ಪಕ್ಕ. ನಾಗರ ಪಂಚಮಿಯನ್ನು ಅಮ್ಮ ಒಂದು ವರ್ಷವೂ ತಪ್ಪಿಸಿದವರಲ್ಲ. 26,000ದವರು "ಅದನ್ನು ಮೊದಲು ಅಗೆದು ರಾಣಿಯನ್ನು ತೆಗೀಬೇಕು" ಅಂದಿದ್ರು. ನಾನು ಸುಮ್ಮನಿದ್ದೆ.

@ಮದ್ದಿನವ, ಮೂಲೆಯ ಕೋಣೆಯಿಂದ ಬಾವಿಗೆ ಹಗ್ಗ ಹಿಡಿದು ಅಳೆದೆ. 46 ಅಡಿ.

ಮದ್ದಿನವ · ಮೇ 29

ಹುತ್ತ ಬಿಡಿ. ಅದರಲ್ಲಿರುವುದೇ ಮನೆಗೆ ಬಂದದ್ದು ಅಂತ ನೋಡಿ ಹೇಳ್ಲಿಕ್ಕೆ ಯಾರಿಗೂ ಆಗುದಿಲ್ಲ. ನೆಲದಡಿಯ ಗೂಡಿಗೆ ಮೇಲೆ ಹುತ್ತ ಇರಲೇಬೇಕು ಅಂತ ಎಂತದೂ ಇಲ್ಲ. ಅದು ಹಿತ್ತಿಲಲ್ಲಿ ತರಗೆಲೆ ತಿಂದುಕೊಂಡು ಇರ್ಲಿ. ಹುತ್ತಕ್ಕೂ ಮನೆಗೂ ನಡುವೆ ಏನು ಬಿದ್ದುಕೊಂಡಿದೆ ಅಂತ ನೋಡಿ. ಸೌದೆ ರಾಶಿ, ತೆಂಗಿನ ಮಡಲು, ಹಳೆ ಬಾಗಿಲು? ಅದೇ ಸೇತುವೆ.

(ನಾನು ಈ ಕೆಲಸ ಮಾಡುವವನಾದ್ರೂ ನಾಗನ ಕಲ್ಲಿನ ಹತ್ರ ಇದುವರೆಗೆ ಹಾರೆ ಹಾಕ್ಲಿಲ್ಲ, ಹಾಕುದೂ ಇಲ್ಲ.)

ಉರ್ವದಕ್ಕ · ಮೇ 29

ಮೊದಲ ಮಳೆಗೆ ಹುತ್ತದ ಮೇಲೆ ಅಣಬೆ ಎದ್ರೆ ನನಗೆ ಒಂದು ಫೋನ್ ಮಾಡಿ ಆಯ್ತಾ 😄 ಮಾರ್ಕೆಟಲ್ಲಿ ಅದರ ರೇಟು ಕೇಳಿದ್ರೆ ತಲೆ ತಿರುಗ್ತದೆ. ಆ ಅಣಬೆಯನ್ನು ಒರಲೆಗಳೇ ಗೂಡಿನಲ್ಲಿ ಬೆಳೆಸುದಂತೆ, ನಮ್ಮ ಮಗ ಹೇಳಿದ. ನಮ್ಮ ಕಪಾಟು ತಿಂದು ನಮಗೇ ಗಸಿಗೆ ಅಣಬೆ ಕೊಡುದು!

ಬೆಂಗ್ಳೂರ್_ಬಾಡಿಗೆ · ಮೇ 30

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಬೆಂಗಳೂರಿಂದ ಟ್ರಾನ್ಸ್‌ಫರ್ ಆಗಿ ಬಂದು ನಾಲ್ಕು ತಿಂಗಳಾಯ್ತು. ಅಪಾರ್ಟ್‌ಮೆಂಟ್, ಏಳನೇ ಫ್ಲೋರು. ಇಲ್ಲಿ ಚರ್ಮದ ಬೆಲ್ಟು, ಚಪ್ಪಲಿ ಎಲ್ಲ ಬೂಸ್ಟು ಹಿಡಿಯುತ್ತೆ ಅಂತ ಯಾರೂ ಹೇಳಿರಲಿಲ್ಲ ಕಣ್ರೀ. ನನ್ನ ಸಮಸ್ಯೆ ಏನಂದ್ರೆ, ಸೆಕೆಂಡ್ ಹ್ಯಾಂಡ್ ಮಂಚ ತಗೊಂಡಿದ್ದೆ. ದಿನಾ ಬೆಳಿಗ್ಗೆ ಒಂದು ಕಾಲಿನ ಕೆಳಗೆ ಸಣ್ಣ ಕಾಳಿನ ಗುಡ್ಡೆ. ರಾತ್ರಿ ಕಿವಿ ಇಟ್ರೆ ಒಳಗೆ ಟಕ ಟಕ ಅಂತ ಸದ್ದು. ಒಬ್ಬರು ಬಂದು ನೋಡಿ, ಇಡೀ ಮನೆ ನೆಲ ಡ್ರಿಲ್ ಮಾಡ್ಬೇಕು, 18,000 ಅಂದ್ರು. ಓನರ್ ಕೇಳಿದ್ರೆ ಮನೆ ಖಾಲಿ ಮಾಡಿಸ್ತಾರೆ.

ಮುರಕಲ್ಲು · ಮೇ 30

ಏಳನೇ ಮಹಡಿಯ ಸ್ಲ್ಯಾಬಿಗೆ ತೂತು ಕೊರೆದರೆ ಆರನೇ ಮಹಡಿಯವರ ಸೀಲಿಂಗ್ ಸಿಗ್ತದೆಯೇ ಹೊರತು ಮಣ್ಣು ಸಿಗುದಿಲ್ಲ ಸ್ವಾಮಿ!

ನಿಮ್ಮದು ಒಣಮರದ ಗೆದ್ದಲು. ಮಂಚದ ಜೊತೆ ಮನೆಗೆ ಬಂದದ್ದು. ಕಾಳನ್ನು ಬಿಳಿ ಕಾಗದದ ಮೇಲೆ ಹಾಕಿ ಭೂತಗನ್ನಡಿಯಲ್ಲಿ ನೋಡಿ, ಆರು ಮೂಲೆ ಇರ್ತದೆ. ಟಕ ಟಕ ಅನ್ನುವುದು ಸೈನಿಕ ಹುಳಗಳು ತಲೆ ಬಡಿದು ಕೊಡುವ ಎಚ್ಚರಿಕೆ. ಮಂಚ ಒಳ್ಳೆ ಬೀಟೆಯದ್ದಾದರೆ ತೂತುಗಳಿಗೆ ಸಿರಿಂಜಿನಲ್ಲಿ ಮದ್ದು ಹಾಕಿಸಿ ಮೇಣ ಮುಚ್ಚಿಸಿ. ಅಗ್ಗದ ಮರವಾದರೆ ಮೋಹ ಬಿಡಿ. ದಯವಿಟ್ಟು ಇನ್ನೊಬ್ಬರಿಗೆ ಮಾರಬೇಡಿ, ನಿಮಗೆ ಮಾರಿದವರು ಮಾಡಿದ್ದೂ ಅದನ್ನೇ.

ಒಂದು ವಿನಾಯಿತಿ: ಮೇಲಿನ ಮನೆಯ ಬಚ್ಚಲಿನಿಂದ ನೀರು ಸೋರಿ ಗೋಡೆ ಯಾವಾಗಲೂ ಒದ್ದೆ ಇದ್ದರೆ, ನೆಲದಡಿಯ ಜಾತಿಯಲ್ಲೂ ಕೆಲವು ಮಣ್ಣಿನ ಸಂಪರ್ಕವಿಲ್ಲದೆ ಎಷ್ಟೇ ಎತ್ತರದಲ್ಲೂ ಗೂಡು ಕಟ್ಟಬಲ್ಲವು. ಅಲ್ಲಿ ಪ್ಲಂಬರ್ ಮೊದಲು, ಮದ್ದಿನವರು ಆಮೇಲೆ.

ಬೆಂಗ್ಳೂರ್_ಬಾಡಿಗೆ · ಮೇ 30

ಆರು ಮೂಲೆ ಇದೆ ಸಾರ್!! ಹದಿನೆಂಟು ಸಾವಿರ ಉಳೀತು. ಮಂಚ ರಬ್ಬರ್ ಮರದ್ದಂತೆ, ನಾಳೇನೇ ಹೊರಗೆ.

ಜಿರಳೆಗೂ ಒಂದು ದಾರಿ ಹೇಳಿ ಪುಣ್ಯ ಕಟ್ಕೊಳ್ಳಿ. ಸ್ಪ್ರೇ ಹೊಡೆದು ಹೊಡೆದು ಸುಸ್ತಾಗಿದೆ.

ಉರ್ವದಕ್ಕ · ಮೇ 30

ಸಣ್ಣದಾ ದೊಡ್ಡದಾ? ದೊಡ್ಡ ಕೆಂಪು ಜಿರಳೆ ಚರಂಡಿಯಿಂದ ಬರುದು. ಅದಕ್ಕೆ ಬಚ್ಚಲ ಜಾಲಿ ಸರಿ ಮಾಡಿ, ರಾತ್ರಿ ಮುಚ್ಚಿ ಮಲಗಿ. ಸಣ್ಣ ತಿಳಿಕಂದು ಜಿರಳೆ, ಬೆನ್ನ ಮೇಲೆ ಎರಡು ಗೀಟು ಇರುವುದು, ಅದು ಮನೆಯೊಳಗೇ ಹುಟ್ಟಿ ಬೆಳೆಯುವ ಕಳ್ಳ. ಮಿಕ್ಸಿಯ ಅಡಿ, ಫ್ರಿಜ್ಜಿನ ಮೋಟರ್, ಗ್ಯಾಸ್ ಕಟ್ಟೆಯ ಸಂದು. ಒಂದೊಂದು ಮೊಟ್ಟೆಚೀಲದಲ್ಲಿ ಮೂವತ್ತು-ನಲವತ್ತು ಮರಿ. ಅದಕ್ಕೆ ಜೆಲ್ ಹಾಕಿ, ಸಾಸಿವೆ ಕಾಳಿನಷ್ಟು ಬೊಟ್ಟು, ತುಂಬ ಕಡೆ. ಜೆಲ್ ಹಾಕಿದ ಮೇಲೆ ಅಲ್ಲಿ ಸ್ಪ್ರೇ ಮುಟ್ಟಬೇಡಿ, ಫಿನಾಯಿಲ್ ಹಾಕಿ ಒರೆಸಬೇಡಿ. ವಾಸನೆ ಬಂದ್ರೆ ತಿನ್ನುದೇ ಇಲ್ಲ. ನೀವು ಎರಡೂ ಒಟ್ಟಿಗೆ ಮಾಡಿರ್ಬೇಕು, ಎಲ್ಲರೂ ಮಾಡುವ ತಪ್ಪು.

ನನ್ನ ಅತ್ತೆ ಬೋರಿಕ್ ಹುಡಿ, ಗೋಧಿಹಿಟ್ಟು, ಸಕ್ಕರೆ ಕಲಸಿ ಉಂಡೆ ಮಾಡಿ ಇಡ್ತಿದ್ರು. ಕೆಲಸ ಮಾಡ್ತದೆ, ಆದರೆ ಮಕ್ಕಳು, ನಾಯಿ ಇರುವ ಮನೆಗೆ ಬೇಡ. ನೋಡ್ಲಿಕ್ಕೆ ತಂಬಿಟ್ಟಿನ ಹಾಗೆಯೇ ಇರ್ತದೆ.

ರಾತ್ರಿಪಾಳಿ · ಮೇ 31

ನಾನು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮಾತು ಮನೆಮದ್ದಿನ ಕಡೆ ಹೋಯ್ತಲ್ಲ, ಅದಕ್ಕೆ ಬರೀತಿದ್ದೇನೆ.

ಅಕ್ಕಿ ಗೋದಾಮಿನಲ್ಲಿ ಇಡುವ ಗುಳಿಗೆ, ಅಲ್ಯುಮಿನಿಯಂ ಫಾಸ್ಫೈಡ್, ಅದನ್ನು ತಿಗಣೆಗೆ, ಹೆಗ್ಗಣಕ್ಕೆ, ಒರಲೆಗೆ ಅಂತ ಮನೆಯೊಳಗೆ ಇಡುವವರಿದ್ದಾರೆ. ಗಾಳಿಯ ಪಸೆ ತಾಗಿದ್ರೆ ಸಾಕು, ವಿಷಗಾಳಿ ಬಿಡ್ತದೆ. ನಮ್ಮ ಊರಿನ ಗಾಳಿಯಲ್ಲಿ ಪಸೆಗೆ ಬರವಾ? ಪಕ್ಕದ ಕೋಣೆಯಲ್ಲಿ ಮಲಗಿದವರೂ ಏಳುದಿಲ್ಲ. ಅದಕ್ಕೆ ಪ್ರತಿವಿಷ ಇಲ್ಲ. ಮನೆ ಬಳಕೆಗೆ ಮಾರುವುದೇ ನಿಷಿದ್ಧ, ಆದರೂ ಸಿಗ್ತದೆ. ಇಲಿ ಪೇಸ್ಟ್ ಕೂಡ, ಹಳದಿ ರಂಜಕದ್ದು, ಟ್ಯೂಬ್ ನೋಡ್ಲಿಕ್ಕೆ ಟೂತ್‌ಪೇಸ್ಟಿನ ಹಾಗೆ. ಎರಡು ದಿನ ಆರಾಮ ಇರ್ತಾರೆ, ಮನೆಯವರು ಬಚಾವ್ ಅಂದುಕೊಳ್ತಾರೆ, ಆಮೇಲೆ ಲಿವರ್ ಹೋಗ್ತದೆ. ನಾನು ಆ ವಾರ್ಡಿನಲ್ಲಿ ಕೆಲಸ ಮಾಡಿದವಳು, ಹೆಚ್ಚು ಹೇಳುದಿಲ್ಲ.

ಬಾಣಂತಿ ಮನೆಯವರಿಗೆ: ನುಸಿಗುಳಿಗೆ ಹಾಕಿಟ್ಟ ಹಳೆ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕದೆ ಕೂಸಿಗೆ ಸುತ್ತಬೇಡಿ. ಜಿ6ಪಿಡಿ ಕೊರತೆ (ರಕ್ತಕಣದ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವುದು) ಇರುವ ಮಕ್ಕಳಿಗೆ ಆ ವಾಸನೆಯಿಂದಲೇ ರಕ್ತ ಒಡೆದು ಕಾಮಾಲೆ ಏರ್ತದೆ.

ಪುಸ್ತಕದಹುಳು · ಮೇ 31

ಹೆಸರು ನೋಡಿ ನಗಬೇಡಿ. ನನ್ನ ಹತ್ತಿರ ಸುಮಾರು ಎರಡು ಸಾವಿರ ಪುಸ್ತಕ ಇದೆ, ಮಣ್ಣಗುಡ್ಡೆಯಲ್ಲಿ ಮನೆ. ಒರಲೆ ಇದುವರೆಗೆ ಬಂದಿಲ್ಲ, ಬೆಳ್ಳಿಹುಳು ಬಿಟ್ಟಿಲ್ಲ. ಬೈಂಡಿಂಗಿನ ಗೋಂದು, ಗಂಜಿ ಹಾಕಿದ ಸೀರೆ ಅದಕ್ಕೆ ಹಬ್ಬದೂಟ. ಬೇವಿನೆಲೆ, ಲವಂಗ, ಕರ್ಪೂರ ಎಲ್ಲ ಇಟ್ಟು ನೋಡಿದೆ. ನನ್ನ ಅನುಭವದಲ್ಲಿ ಕಪಾಟಿಗೆ ಪರಿಮಳ ಬಂತು ಅಷ್ಟೆ.

ಕೆಲಸ ಮಾಡಿದ್ದು ಮೂರು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿದ್ದು. ಅಡಿಗೆ ಕಲ್ಲು ಕೊಟ್ಟು ಎತ್ತರಿಸಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಒಳಗೆ ಒಂದು ಸಣ್ಣ ಬಲ್ಬು ಉರಿಸಿಟ್ಟದ್ದು. ಆ ಬಿಸಿಗೆ ಪಸೆ ಆರುತ್ತದೆ. ಈಗಿನ ಎಲ್‌ಇಡಿ ಆಗದು, ಅದು ಬಿಸಿಯಾಗುವುದಿಲ್ಲ, ಹಳೆ ಕಾಲದ 15 ವಾಟಿನದ್ದೇ ಬೇಕು. ಬಲ್ಬಿಗೆ ಪುಸ್ತಕ ತಾಗದಂತೆ ನೋಡಿಕೊಳ್ಳಿ.

ಆಚಾರಿ_ಸುರತ್ಕಲ್ · ಜೂನ್ 1

ದಾರಂದ ಬದಲಿಸುದಾದ್ರೆ ಕೇಳಿ. ಹಲಸು, ಸಾಗುವಾನಿ ಅಂತ ಹೇಳಿ ಮಿಲ್ಲಿನವರು ಬಿಳಿ ಭಾಗ ಸೇರಿಸಿ ಕೊಡ್ತಾರೆ. ಒರಲೆಗೆ ಮೊದಲು ಬೇಕಾದ್ದು ಆ ಬಿಳಿಯೇ. ತಿರುಳು ಮಾತ್ರ ಆಗ್ಬೇಕು ಅಂತ ಹೇಳಿ, ಎದುರು ನಿಂತು ಸೀಳಿಸಿ. ಕಿರಾಲುಬೋಗಿ ಮರ ಸಿಕ್ಕಿದ್ರೆ ಕಣ್ಣು ಮುಚ್ಚಿ ತಗೊಳ್ಳಿ, ಹಳೆ ಮನೆ ಬಿಚ್ಚುವಲ್ಲಿ ಮಾತ್ರ ಸಿಗ್ತದೆ ಈಗ. ದಾರಂದದ ಕಾಲು ನೆಲದೊಳಗೆ ಹೂಳಬಾರದು, ಕೆಳಗೆ ಎರಡು ಇಂಚು ಗ್ರಾನೈಟ್ ತುಂಡು ಇಟ್ಟು ಅದರ ಮೇಲೆ ಕೂರಿಸಬೇಕು. ಎಷ್ಟೋ ಮನೆಯಲ್ಲಿ ಒರಲೆ ಹತ್ತುದು ಅಲ್ಲಿಂದಲೇ.

"ಮರೈನ್ ಪ್ಲೈ ಹಾಕಿದ್ದೇನೆ, ಒರಲೆ ಬರುದಿಲ್ಲ" ಅಂತ ತುಂಬ ಜನ ಹೇಳ್ತಾರೆ. ಅದು ನೀರಿಗೆ ಅಂಟು ಬಿಡುದಿಲ್ಲ ಅಂತ ಅರ್ಥ. ಮದ್ದು ಕುಡಿಸಿದ ಐಎಸ್ 710 ಮುದ್ರೆಯದ್ದೇ ಬೇರೆ, ಬರೀ ಚೀಟಿ ಅಂಟಿಸಿದ್ದೇ ಬೇರೆ. ಅಡುಗೆಮನೆ ಸಿಂಕಿನ ಅಡಿಗೆ ನಾನು ಈಗ ಮರವೇ ಹಾಕುದಿಲ್ಲ, ಅಲ್ಯುಮಿನಿಯಂ ಇಲ್ಲದಿದ್ರೆ ಪಿವಿಸಿ ಬೋರ್ಡು. ನನ್ನ ಹೊಟ್ಟೆಪಾಡಿಗೆ ನಾನೇ ಕಲ್ಲು ಹಾಕಿಕೊಂಡ ಹಾಗೆ, ಆದ್ರೆ ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ.

ಕದ್ರಿ_ಹಂಚಿನಮನೆ · ಜೂನ್ 9

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಏನು ಮಾಡಿದೆ ಅಂತ ಹೇಳ್ತೇನೆ.

ಇಬ್ಬರಿಗೂ ಬೇಡ ಅಂದೆ. ಕಾರ್ಗೋ ಬಾಕ್ಸ್, ಕಪಾಟು, ದಾರಂದ ಹೊರಗೆ ತೆಗೆಸಿ ಸುಡಿಸಿದೆ. ಹಿತ್ತಿಲಲ್ಲಿ ಗೋಡೆಗೆ ಒರಗಿಸಿಟ್ಟ ಸೌದೆ, ಮಡಲು ರಾಶಿ ಎತ್ತಿಸುವಾಗ ಅಡಿಯಲ್ಲಿ ಮೊದಲ ಗೆರೆ ಸಿಕ್ಕಿತು. ಸರಿಯಾಗಿ ಮೂಲೆಯ ಕೋಣೆಯ ಹಿಂದೆ. ಮಾಡಿನ ಸೋನೆ ನೀರು ಬೀಳುವುದೂ ಅಲ್ಲಿಗೇ, ಆ ನೀರು ಹಿಡಿಯುವ ದಂಬೆ ತುಂಡಾಗಿ ಎಷ್ಟು ವರ್ಷವಾಗಿತ್ತೋ. ದಂಬೆ ಹೊಸದು ಹಾಕಿಸಿದೆ. ಗೋಡೆ ಬುಡದಲ್ಲಿ ಎರಡು ಅಡಿ ಅಗಲಕ್ಕೆ ಕಾಂಕ್ರೀಟ್ ಹಾಕಿಸಬೇಕು ಅಂತಿದ್ದೆ, ಮಳೆ ಹಿಡಿದು ಅರ್ಧಕ್ಕೆ ನಿಂತಿದೆ.

ಹೊಸ ದಾರಂದ ಹಲಸಿನ ತಿರುಳಿನದ್ದು, ಆಚಾರಿಯವರು ಹೇಳಿದ ಹಾಗೆ ಕಲ್ಲಿನ ಮೇಲೆ ನಿಲ್ಲಿಸಿದ್ದು. ಪಕ್ಕಾಸಿನ ತುದಿಗಳಿಗೆ ಗೇರೆಣ್ಣೆ. ಗ್ಲೌಸ್ ಹಾಕಿಯೂ ಮಣಿಕಟ್ಟಿನ ಹತ್ರ ಒಂದು ಗೆರೆ ಸುಟ್ಟಿತು ಅಜ್ಜ.

ಮದ್ದಿನವ · ಜೂನ್ 9

ಒಳ್ಳೆದಾಯ್ತು. ಗೋಡೆಯ ಹಳೆ ಗೆರೆಯನ್ನು ಪೂರ್ತಿ ತೆಗೀಬೇಡಿ. ನಡುವಿನಲ್ಲಿ ಒಂದು ಗೇಣು ಮಾತ್ರ ಒಡೆದು, ಪೆನ್ನಲ್ಲಿ ತಾರೀಕು ಬರೆದು ಇಡಿ. ಜೀವ ಇದ್ರೆ ಕೆಲವೇ ದಿನದಲ್ಲಿ ಹಸಿ ಮಣ್ಣು ಹಾಕಿ ಸೇರಿಸ್ತವೆ.

ಉರ್ವದಕ್ಕ · ಜೂನ್ 10

ಬೀಗ ಹಾಕುವ ಮೊದಲು ಬಚ್ಚಲು, ಕಕ್ಕಸಿನ ಜಾಲಿಗಳಿಗೆ ನೀರು ಹೊಯ್ದು ಮೇಲಿಂದ ಎರಡು ಚಮಚ ಎಣ್ಣೆ ಬಿಡಿ. ನೀರು ಬೇಗ ಆರುದಿಲ್ಲ, ಚರಂಡಿಯ ಜಿರಳೆಗೆ ದಾರಿ ಸಿಗುದಿಲ್ಲ. ಟಾಂಕಿ ಖಾಲಿ ಮಾಡಿ ಮುಚ್ಚಳ ಬಿಗಿ ಮಾಡಿ. ಈ ಊರಿನ ಮಲೇರಿಯಾ ಸೊಳ್ಳೆ ಹುಟ್ಟುದೇ ಅಂಥ ಟಾಂಕಿಯಲ್ಲಿ, ಕಟ್ಟುವ ಬಿಲ್ಡಿಂಗಿನ ಕ್ಯೂರಿಂಗ್ ನೀರಲ್ಲಿ. ಮತ್ತೆ ಕೀಲಿಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿ. ಹದಿನೈದು ದಿನಕ್ಕೊಮ್ಮೆ ಯಾರಾದ್ರೂ ಕಿಟಕಿ ತೆರೀಲಿ.

ಕದ್ರಿ_ಹಂಚಿನಮನೆ · ಡಿಸೆಂಬರ್ 18

ಹಳೆ ಚರ್ಚೆ ಎಬ್ಬಿಸ್ತಿದ್ದೇನೆ. ತಂಗಿ ಅಮ್ಮನನ್ನು ಕರ್ಕೊಂಡು ಮನೆಗೆ ಹೋಗಿದ್ಲು. ಪಕ್ಕದ ಮನೆಯ ಆಂಟಿ ಮಳೆಗಾಲ ಪೂರ್ತಿ ತಪ್ಪದೆ ಕಿಟಕಿ ತೆರೆದಿದ್ದಾರೆ. ನಾನು ಒಡೆದು ತಾರೀಕು ಬರೆದ ಗೆರೆ ಹಾಗೆಯೇ ಒಣಗಿ ನಿಂತಿದೆ, ಸೇರಿಲ್ಲ.

ಆದರೆ ಅಡುಗೆಮನೆ ಹೊರಗೆ, ಬಾವಿ ಬದಿಯ ಗೋಡೆಯಲ್ಲಿ, ಕಾಂಕ್ರೀಟ್ ಹಾಕಿಸದೆ ಉಳಿದ ಜಾಗದಿಂದ ಹೊಸದೊಂದು ಎದ್ದಿದೆಯಂತೆ. ಒಂದು ಗೇಣು ಉದ್ದ. ತಂಗಿ ಫೋಟೋ ಕಳಿಸಿದ್ದಾಳೆ. ಎಂತ ಮಾಡುದು?

ಮದ್ದಿನವ · ಡಿಸೆಂಬರ್ 18

ಆ ಬದಿ ಮಣ್ಣಿಗೆ ಮದ್ದು ಬೇಡ, ಮೊದಲು ಹೇಳಿದ್ದೇ ಮಾತು. ಈಗ ಮಣ್ಣು ಒಣಗಿದೆ, ನಿಂತ ಕಾಂಕ್ರೀಟ್ ಮುಗಿಸಿ. ಗೆರೆ ಅರ್ಧ ಒಡೆದು, ನಾಲ್ಕು ದಿನ ಬಿಟ್ಟು ನೋಡ್ಲಿಕ್ಕೆ ತಂಗಿಗೆ ಹೇಳಿ. ಒಳಗೆ ಗೋಡೆಯ ಆಚೆ ಬದಿಯಲ್ಲಿ ಮರದ್ದು ಎಂತ ಉಂಟು?

ಕದ್ರಿ_ಹಂಚಿನಮನೆ · ಡಿಸೆಂಬರ್ 18

ಅಮ್ಮನ ತುರಿಮಣೆ, ಹಳೆ ಮರದ ಮರಿಗೆ. ಎರಡೂ ನೆಲದ ಮೇಲೆ, ಗೋಡೆಗೆ ತಾಗಿಯೇ ಇದ್ದವಂತೆ. ಅಮ್ಮ ಆಗಲೇ ಎತ್ತಿ ಅಟ್ಟಕ್ಕೆ ಇಟ್ಟಿದ್ದಾರೆ.

ಕದ್ರಿ_ಹಂಚಿನಮನೆ · ಡಿಸೆಂಬರ್ 23

ಐದು ದಿನ ಆಯ್ತು. ಗೆರೆ ಒಣಗಿಯೇ ಉಂಟು. ಕಾಂಕ್ರೀಟಿನವರು ನಾಳೆ ಬರ್ತಾರೆ.

@ಉರ್ವದಕ್ಕ, ಚಿಕ್ಕಮ್ಮನ ಮನೆಯಲ್ಲಿ ಎರಡು ಫೋಟೋ ಸಿಕ್ಕಿತು. ಒಂದರಲ್ಲಿ ಅಪ್ಪ ಕಣ್ಣು ಮುಚ್ಚಿದ್ದಾರೆ.